ಅಲಮಾರಿಯೊಳಗಿನ ಕನ್ನಡಕಗಳು

ರಾಯಚೂರು, ಬುಧವಾರ

ಅವ್ವಾ,

ಫೋನು ಅಪ್ಪನ ಕೈಯಲ್ಲಿರುತ್ತದೆ, ಅದಕ್ಕೇ ಈ ಕಾರ್ಡು. ನಮ್ಮ ಎಂ.ಎಸ್ಸಿ. ಲೇಸರ್ ಲ್ಯಾಬಿನಲ್ಲಿ ಕಣ್ಣು ಕಾಯುವ ಕನ್ನಡಕಗಳು ಪ್ಲಾಸ್ಟಿಕ್ ಸಮೇತ ಅಲಮಾರಿಯಲ್ಲೇ ಇರುತ್ತವೆ. ‘ತಪಾಸಣಿ ಕಮಿಟಿಯವ್ರು ಬಂದಾಗ ತೋರ್ಸಬೇಕು, ಗೀರು ಬೀಳ್ತಾವ’ ಎನ್ನುತ್ತಾರೆ ಸರ್. ಇವತ್ತು ಲೇಸರ್ ಕಿರಣ ಯಾರದೋ ಉಂಗುರಕ್ಕೆ ತಾಗಿ ಗೆಳತಿ ಮಿನಾಜಳ ಕಣ್ಣಿಗೆ ಹೊಡೆಯಿತು. ನಾನು ಲೇಸರ್ ಆರಿಸಿ, ಅಲಮಾರಿ ತೆಗೆದು, ಕನ್ನಡಕಗಳನ್ನು ಎಲ್ಲರಿಗೂ ಹಂಚಿಬಿಟ್ಟೆ.

‘ಯಾರನ್ನ ಕೇಳಿ ತಗದಿ?’ ಎಂದು ಸರ್ ಕೂಗಿದರು.

‘ಕಣ್ಣು ಹೋದ್ರ ಕಮಿಟಿಯವ್ರು ಕೊಡ್ತಾರೇನ್ರಿ?’ ಎಂದು ನಾನೂ ಕೂಗಿದೆ.

ಮಿನಾಜಳಿಗೆ ಇನ್ನೂ ಕಪ್ಪು ಚುಕ್ಕೆ ಕಾಣುತ್ತಿದೆ, ಆಸ್ಪತ್ರೆಗೆ ಹೊರಟಿದ್ದೇವೆ. ನನ್ನ ಕಣ್ಣು ಚೆನ್ನಾಗಿವೆ. ತಪ್ಪಾಯಿತೆಂದು ನಾನು ಸರ್‌ಗೆ ಬರೆದುಕೊಡಬೇಕಂತೆ, ಇಲ್ಲದಿದ್ದರೆ ಸೋಮವಾರ ಮನೆಯವರು ಬರಬೇಕಂತೆ. ನಾನು ಬರೆದುಕೊಡುವುದಿಲ್ಲ. ಆಟೋ ಬಂತು. ಅಪ್ಪನನ್ನು ಕಳಿಸಬೇಡ, ಬಾಗಿಲಲ್ಲೇ ಕೈಮುಗಿದುಬಿಡುತ್ತಾನೆ. ಗಬ್ಬೂರಿನಿಂದ ಮೊದಲ ಬಸ್ಸಿಗೆ ನೀನೇ ಬಾ.

ಲಲಿತಾ