ನೆರಿಗೆಯ ಮೇಲೆ ಟೇಪು

ಜೂನ್ 3, ಸೋಮವಾರ

ಆರೋಗ್ಯ ಸರ್ವೆಗೆ ಆನೆಕೊಂಡದಲ್ಲಿ ಇವತ್ತು ಹದಿನಾಲ್ಕು ಮನೆ. ನರ್ಸ್ ಬುಷ್ರಾ ಬಿಪಿ ನೋಡುವುದು, ನಾನು ಸೊಂಟದ ಅಳತೆ. ಸೀರೆ ಬಿಚ್ಚಿಸುವಂತಿಲ್ಲ. ನೆರಿಗೆ ಮೇಲೇ ಟೇಪು, ಐದು ಸೆಂಟಿಮೀಟರ್ ಕಳೆದು ಬರೆಯುವುದು. ಆಶಾ ಕಾರ್ಯಕರ್ತೆ ಆದಾಗಿನಿಂದ ಹೀಗೇ. ನನ್ನದೇ ಫಾರ್ಮಿಗೆ ಅಷ್ಟೂ ಇಲ್ಲ, ಅಳೆಯದೆ ಕೂತಲ್ಲೇ ತುಂಬಿದೆ. ಲತಾ, ವಯಸ್ಸು 51, ಸೊಂಟ 79, ಬಿಪಿ 120/80. ಹೋದ ವರ್ಷವೂ ಅದೇ. ಬಿಪಿ ನೋಡ್ತೀನಿ, ನೀವೂ ಕೈ ಚಾಚ್ರಿ ಅಂದಳು ಬುಷ್ರಾ. ನನಗೇನು ಧಾಡಿ!

ಜೂನ್ 6, ಗುರುವಾರ

ಹರಿಹರದಿಂದ ಅಕ್ಕನ ಫೋನ್. ಕಾಟಮ್ಮ ನನಗಿಂತ ಮೂರು ವರ್ಷ ದೊಡ್ಡವಳು. ಮೆಟ್ಟಿಲು ಹತ್ತಿದರೆ ಸುಸ್ತು, ತಣ್ಣನೆ ಬೆವರು, ದವಡೆ ಹಿಡಿದಂತೆ ಅಂದಳು. ದವಾಖಾನೆ ಕೆಲಸದವಳು ನೀನು, ಏನಾಗೈತೆ ಹೇಳು ಅಂತ.

"ಮುಟ್ಟು ನಿಂತ ಮ್ಯಾಲೆ ಎಲ್ಲಾರಿಗೂ ಹಿಂಗೇ ಅಕ್ಕಾ. ನಂಗೂ ಐತೆ. ಹೆದರಬ್ಯಾಡ."

ಮಜ್ಜಿಗೆ ಕುಡಿ, ಮಧ್ಯಾಹ್ನ ಮಲಗು ಅಂದೆ. ಸಮಾಧಾನವಾಯಿತು ಅವಳಿಗೆ.

ಜೂನ್ 24, ಸೋಮವಾರ

ಅಕ್ಕ ಹೋಗಿ ಹದಿನಾರು ದಿನ. ಫೋನ್ ಮಾಡಿದ ಎರಡನೇ ದಿನ, ಬಟ್ಟೆ ಹಿಂಡುತ್ತಾ ಕುಸಿದಳಂತೆ. ಹಾರ್ಟ್ ಅಟ್ಯಾಕ್. ಮಗ ಅಂಜನ್ ಕುಮಾರ್ ಆಟೋ ತರುವಷ್ಟರಲ್ಲಿ ಮುಗಿದಿತ್ತು.

ಮಣ್ಣಿಗೆ ಹೋದೆ. ದಿನದ ಕಾರ್ಯಕ್ಕೂ ಹೋದೆ. ಹೋಳಿಗೆ ಲಟ್ಟಿಸಿದೆ, ಎಲೆ ತೆಗೆದೆ. ಅಳು ಬರಲಿಲ್ಲ. ಗಟ್ಟಿಗಿತ್ತಿ ಅಂದರು ಎಲ್ಲರೂ. ಅಂಜನ್ ಬಂದು ಪಕ್ಕದಲ್ಲಿ ಕೂತ.

"ಡಾಕ್ಟ್ರ ಹತ್ರ ನಡಿ ಅಂದಿದ್ದೆ ಚಿಗವ್ವಾ. ಏನಿಲ್ಲ ಅಂತ ಲತಾನೇ ಹೇಳ್ಯಾಳೆ, ಸುಮ್ನಿರು ಅಂದ್ಲು ಅವ್ವ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಲೋಟ ತೊಳೆಯಲು ಎದ್ದೆ.

ಜೂನ್ 27, ಗುರುವಾರ

ಡ್ಯೂಟಿ. ಟೇಪಿನ ಅಂಕಿ ಕಾಣುತ್ತದೆ, ತಲೆಗೆ ಹೋಗುವುದಿಲ್ಲ. ಒಬ್ಬಳು ಬೆವರು, ಸುಸ್ತು ಅಂದಳು. ನಾಲಿಗೆ ತುದಿಗೆ ಅದೇ ಮಾತು — ಮುಟ್ಟು ನಿಂತ ಮೇಲೆ ಎಲ್ಲರಿಗೂ... ನುಂಗಿದೆ. ಆಸ್ಪತ್ರೆಗೆ ಚೀಟಿ ಬರೆಸಿಕೊಟ್ಟೆ.

ಮನೆಗೆ ಬಂದು ಟ್ರೈನಿಂಗ್ ನೋಟ್ಸ್ ತೆಗೆದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಹೃದಯದ ಕಾಯಿಲೆ, ಬಿಪಿ, ಶುಗರ್ ಹೆಚ್ಚು, ತಪ್ಪದೆ ಪರೀಕ್ಷೆ ಮಾಡಿಸಬೇಕು. ನನ್ನದೇ ಅಕ್ಷರ. ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಬಾಗಿಲು ಹಾಕಿ, ಸೀರೆ ಬಿಚ್ಚಿ ಟೇಪು ಸುತ್ತಿಕೊಂಡೆ. 96.

ಜೂನ್ 28, ಶುಕ್ರವಾರ

ಬಿಪಿ ನೋಡು ಅಂತ ಬುಷ್ರಾ ಮುಂದೆ ಕೈ ಚಾಚಿದೆ. 170/104. ಎರಡು ಸಲ ನೋಡಿದಳು. ಇವತ್ತೇ ಇಸಿಜಿ ಮಾಡಿಸ್ರಿ ಅಂದಳು. ಸೋಮವಾರ ಅಂದೆ. ಏನೂ ಅನ್ನಿಸಲಿಲ್ಲ. ಯಾರದೋ ಬಿಪಿ ಇದ್ದಂತೆ.

ಜೂನ್ 29, ಶನಿವಾರ, ಬೆಳಿಗ್ಗೆ 10.20

ರೊಟ್ಟಿ ತಟ್ಟುತ್ತಿದ್ದೆ. ಬೆವರು. ದವಡೆ ಹಿಡಿದಿದೆ, ಎಡಗೈವರೆಗೂ. ಸ್ವಲ್ಪ ಮಲಗಿದರೆ ಹೋಗುತ್ತೆ ಅಂದುಕೊಂಡೆ. ಅಕ್ಕನಿಗೆ ಹೇಳಿದ್ದೂ ಅದೇ.

ಸ್ಟೋವ್ ಆರಿಸಿ ಬುಷ್ರಾಗೆ ಫೋನ್ ಮಾಡಿದೆ.

"ಕೂತಲ್ಲೇ ಕೂಡ್ರಿ ಲತಕ್ಕ. ಏಳಬ್ಯಾಡ್ರಿ. ಆಂಬುಲೆನ್ಸ್ ಕಳಿಸ್ತೀನಿ."

ಬಾಗಿಲು ತೆಗೆದೇ ಇದೆ. ಕೂತಿದ್ದೇನೆ. ಹೆದರಿಕೆಯಾಗುತ್ತಿದೆ. ಇಷ್ಟು ದಿನಕ್ಕೆ ಏನೋ ಒಂದು ಅನ್ನಿಸುತ್ತಿದೆ. ಕಣ್ಣಲ್ಲಿ ನೀರು, ಅಕ್ಷರ ಕಲಸಿಹೋಗುತ್ತಿವೆ. ಅಕ್ಕಾ, ಅವತ್ತು ನಿನಗೂ ಹೀಗೇ ಹೇಳಬೇಕಿತ್ತು ನಾನು. ಕೂತಲ್ಲೇ ಕೂಡು ಅಂತ. ಏಳಬ್ಯಾಡ ಅಂ—