ದೇವಿಗೆ ಒಲ್ಲೆ ಅಂದ ನಿನ್ನ ಮೊಮ್ಮಗಳು

ಅವ್ವಾ,

ನೀನು ಓದಲಾರೆ, ಆದರೂ ನಿನಗೇ ಹೇಳಬೇಕು. ನನ್ನ ಮಗಳು ಅಮೃತಾ ಇವತ್ತು ನಮ್ಮ ಗಂಗಾವತಿಯ ಮನೆಯಲ್ಲಿ ಗೆಳತಿಯರೊಂದಿಗೆ ದಾಳ ಉರುಳಿಸಿ ಕಥೆ ಕಟ್ಟುವ ಆಟ ಆಡಿದಳು. ಅದರಲ್ಲಿ ಅವಳು ದೇವಿಯಿಂದ ಗಾಯ ಮಾಯಿಸುವ ಶಕ್ತಿ ಪಡೆದ ಪೂಜಾರ್ತಿ.

ಆಟ ನಡೆಸುತ್ತಿದ್ದ ಗೆಳತಿ ಅನ್ನಪೂರ್ಣ, ಕಥೆಯೊಳಗೆ ಒಬ್ಬ ಹುಡುಗಿಯನ್ನು ತಂದು, "ಈ ಸಣ್ಣ ಹುಡುಗೀಗೆ ಮುತ್ತು ಕಟ್ಟಿ ನನಗ ಬಿಡು ಅಂತ ದೇವಿ ಹೇಳ್ಯಾಳ. ಒಲ್ಲೆ ಅಂದ್ರ ನಿನ್ನ ಶಕ್ತಿ ಹೋಗತೈತಿ, ನೋಡವಾ" ಎಂದಳು. ಬಾಗಿಲಲ್ಲಿದ್ದ ನಾನು ಒಳಗೆ ಹೋಗದೆ ಅಲ್ಲೇ ನಿಂತು ಕೇಳಿದೆ.

"ಹೋದ್ರ ಹೋಗ್ಲಿ ಬಿಡಲೇ! ಹುಡುಗೀನ ಬೇಡಾಕಿ ಎಂಥಾ ದೇವಿ?" ಅಂದಳು ಅಮೃತಾ.

ಉಸಿರು ಬಿಟ್ಟೆ, ಅವ್ವಾ. ನನಗೆ ಮುತ್ತು ಕಟ್ಟಿಸಿ ದೇವದಾಸಿ ಮಾಡಿದ್ದಕ್ಕೆ, ಆ ಪದ್ಧತಿಯ ವಿರುದ್ಧ ಬೀದಿಯಲ್ಲಿ ಘೋಷಣೆ ಕೂಗಿ ಮನೆಗೆ ಬಂದು, ನೀನು ಸಾಯುವವರೆಗೂ ನಿನ್ನನ್ನೇ ಬೈದೆ. ದೇವಿ ಮುನಿಯುತ್ತಾಳೆಂದು ನಿನ್ನನ್ನು ಹೆದರಿಸಿದ ಊರ ಗೌಡರು ಹಾಯಾಗಿದ್ದರು. ಇವತ್ತು ನೀನಿದ್ದಿದ್ದರೆ, ದೇವಿಗೆ ಒಲ್ಲೆ ಅಂದ ಮೇಲೂ ಅಮೃತಾ ಏನೂ ಆಗದೆ ನಗುತ್ತಿದ್ದುದನ್ನು ನಿನಗೆ ತೋರಿಸುತ್ತಿದ್ದೆ.