ಏಳನೆಯ ಪ್ರಶ್ನೆ ಮತ್ತು ಜೆನ್ನವ್ವನ ಒಂದೇ ಗಂಗಾಳ

ಬ್ಯಾಡಗಿ,
ಫೆಬ್ರುವರಿ ೩೯, ೨೧೬೭

ನೂರನಲವತ್ತು ವರ್ಷ ಹಿಂದಿರುವ ಹಿರಿಯರಿಗೆ, ಮೆಣಸಿನಕಾಯಿ ಪೇಟೆಯ ನೆರಳುಓಣಿಯಿಂದ ನಮಸ್ಕಾರಗಳು.

ತಾರೀಖು ಓದಿ ಕನ್ನಡಕ ಒರೆಸಿಕೊಳ್ಳುವ ಅಗತ್ಯವಿಲ್ಲ. ಮೇ ತಿಂಗಳು ಯಾರಿಗೂ ಬೇಡವಾದ ಮೇಲೆ ಅದರಿಂದ ಹನ್ನೊಂದು ದಿನಗಳನ್ನು ಕಿತ್ತು ಫೆಬ್ರುವರಿಯ ಬಾಲಕ್ಕೆ ಹೊಲಿಯಲಾಗಿದೆ. ಆದೇಶದ ಪ್ರತಿ ಸೂರ್ಯನಿಗೆ ತಲುಪಿಲ್ಲವಾದ್ದರಿಂದ ಬಿಸಿಲು ಹಳೆಯ ಕ್ಯಾಲೆಂಡರಿನಂತೆಯೇ ನಡೆದುಕೊಳ್ಳುತ್ತಿದೆ. ಕಾಗದದ ಮೇಲೆ ಮಾತ್ರ ನಾವು ತಂಪಾಗಿದ್ದೇವೆ. ಮುಂದೆ ಬರುವ ಕೆಲವು ಪದಗಳೂ ತಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಅವನ್ನು ಹುಟ್ಟಿಸಿದವನು ನಾನಲ್ಲ, ಸರ್ಕಾರ. ಅದರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ, ಏಕೆಂದರೆ ಅದು ಕೇಳುವುದಿಲ್ಲ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಟಪಾಲು ಮುಟ್ಟಿಸುವ ಇಲಾಖೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ನಮ್ಮ ಊರಿನಿಂದ ಇದುವರೆಗೆ ಹೋದ ಪತ್ರಗಳಲ್ಲಿ ಮುಕ್ಕಾಲು ಪಾಲು ಯಾರದೋ ಮುತ್ತಜ್ಜನಿಗೆ ಹೋಗಿ, ಹುಬ್ಬಳ್ಳಿ ಬೈಪಾಸಿನ ಪಕ್ಕದ ಆ ಸೈಟನ್ನು ಯಾಕೆ ಬಿಟ್ಟಿರಿ ಎಂದು ತರಾಟೆಗೆ ತೆಗೆದುಕೊಂಡವು. ನನ್ನ ಪಾಲಿನ ಪತ್ರಕ್ಕೆಂದು ನನ್ನ ಹೆಂಡತಿಯೂ ಅಂಥದ್ದೇ ಒಂದು ಕರಡು ಬರೆದಿಟ್ಟಿದ್ದಳು. ನಾನು ನನ್ನ ಪಾಲಿನ ಒಂದೇ ಪತ್ರವನ್ನು ಊಟದ ತಟ್ಟೆಯ ವಿಷಯಕ್ಕೆ ಮುಗಿಸುತ್ತಿದ್ದೇನೆಂದು ತಿಳಿದ ದಿನದಿಂದ ಅವಳು ನನ್ನ ಮುಂದೆ ತಟ್ಟೆ ಇಡುವುದನ್ನು ನಿಲ್ಲಿಸಿದ್ದಾಳೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಸಿಟ್ಟು ಬಂದಿದೆ.

ಮೊದಲು ಊರಿನ ಪರಿಚಯ. ಬ್ಯಾಡಗಿಯ ಮೇಲೆ ಈಗ ಆಕಾಶಕ್ಕಿಂತ ಚಪ್ಪರ ಹೆಚ್ಚು. ಸರ್ಕಾರಿ ಚಪ್ಪರದ ಕೆಳಗಿರುವ ಬೀದಿ ನೆರಳುಓಣಿ; ಅಲ್ಲಿ ಮಧ್ಯಾಹ್ನವೂ ಮನುಷ್ಯರು ಓಡಾಡಬಹುದು, ಹಪ್ಪಳ ಒಣಗಿಸುವವರು ಮಾತ್ರ ಬೇರೆ ಕಡೆ ಹೋಗಬೇಕು. ಚಪ್ಪರವಿಲ್ಲದ ಕಡೆಗೆ ಬಯಲು ಎಂದು ಹೆಸರು. ಅಲ್ಲಿ ಬೆಳಿಗ್ಗೆ ಹತ್ತರ ಮೇಲೆ ನಾಯಿಯೂ ಬೊಗಳುವುದಿಲ್ಲ. ನಿಮ್ಮ ಕಾಲದಲ್ಲಿ ಜನ ಇಲ್ಲಿಂದ ಹೊರದೇಶಕ್ಕೆ ಹೋಗುತ್ತಿದ್ದರಂತೆ. ಈಗ ದಾರಿ ತಿರುಗಿದೆ. ೨೧೦೯ರಲ್ಲಿ ಮ್ಯಾಸಿಡೋನಿಯದ ಹೊಲಗಳಲ್ಲಿ ಕೆಂಪು ದಪ್ಪಮೆಣಸು ಗಿಡದಲ್ಲೇ ಬೆಂದುಹೋದಾಗ, ಅಲ್ಲಿನ ಜನ ಬೀಜದ ಗಂಟು ಕಟ್ಟಿಕೊಂಡು, ನಮ್ಮೂರಿನ ಮೆಣಸಿನಕಾಯಿಯ ಹೆಸರು ಕೇಳಿ ಇಲ್ಲಿಗೆ ಬಂದರು. ಮೂವತ್ತೊಂದು ವರ್ಷಗಳ ನಂತರ ಇಥಿಯೋಪಿಯದ ಕಾಫಿಗುಡ್ಡಗಳಿಗೆ ಮಳೆ ತಪ್ಪಿದಾಗ, ಅಲ್ಲಿನವರೂ ಅದೇ ಹೆಸರು ಕೇಳಿ ಬಂದರು. ಖಾರವಿಲ್ಲದೆ ಉಣ್ಣಲಾರದವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಒಂದು ದಿನ ಬ್ಯಾಡಗಿಗೆ ಬಂದೇ ಬರುತ್ತಾರೆ ಎಂಬುದು ನಮ್ಮೂರಿನವರ ಹಳೆಯ ಜಂಬ. ಅದು ನಿಜವಾದ ದಿನ ಮಾತ್ರ ನಾವು ಸ್ವಲ್ಪ ಗಾಬರಿಯಾದೆವು.

ನಮ್ಮ ಓಣಿಯಲ್ಲಿ ಒಂದೇ ಗೋಡೆಯ ಆಚೀಚೆ ಇಬ್ಬರು ಹೆಂಗಸರಿದ್ದಾರೆ. ಗೋಡೆಯ ಈಚೆ ವೆಲಿಕಕ್ಕ. ಎರಡು ವರ್ಷದ ಕೂಸಾಗಿದ್ದಾಗ ಮ್ಯಾಸಿಡೋನಿಯದಿಂದ ತಂದೆಯ ಹೆಗಲ ಮೇಲೆ ಬಂದವಳು. ಆಚೆ ಜೆನೆಬೆಚ್, ಇಥಿಯೋಪಿಯದಿಂದ ಇಪ್ಪತ್ತೆರಡರ ಹರೆಯದಲ್ಲಿ ಬಂದು, ಓಣಿಯವರ ನಾಲಿಗೆಯಲ್ಲಿ ಜೆನ್ನವ್ವ ಆದವಳು. ಪ್ರತಿ ಕಾರ್ತಿಕದಲ್ಲಿ ಇಬ್ಬರೂ ಅಂಗಳದಲ್ಲಿ ಬೆಂಕಿ ಹಾಕಿ ದಪ್ಪಮೆಣಸು ಸುಡುತ್ತಾರೆ. ಸುಟ್ಟದ್ದರ ಸಿಪ್ಪೆ ಸುಲಿದು, ಅರೆದು, ಎಣ್ಣೆ ಹಾಕಿ ಇಡೀ ದಿನ ಕೈಯಾಡಿಸಿದರೆ ಆಯ್ವಾರ್ ಎಂಬ ಗಟ್ಟಿ ಚಟ್ನಿಯಾಗುತ್ತದೆ. ಸುಡುವುದು ವೆಲಿಕಕ್ಕ, ಸುಲಿಯುವುದು ಜೆನ್ನವ್ವ. ಸುಡುವಾಗಲೂ ಸುಲಿಯುವಾಗಲೂ ಇಬ್ಬರೂ ತಂತಮ್ಮ ಗಂಡಂದಿರನ್ನು ಶುದ್ಧ ಬ್ಯಾಡಗಿ ಕನ್ನಡದಲ್ಲಿ ಬಯ್ಯುತ್ತಿರುತ್ತಾರೆ. ತುಂಬಿದ ಭರಣಿಗಳೆಲ್ಲ ವೆಲಿಕಕ್ಕನ ನೆಲಮಾಳಿಗೆಗೆ ಹೋಗುತ್ತವೆ, ಏಕೆಂದರೆ ನೆಲಮಾಳಿಗೆ ಇರುವುದು ಆ ಮನೆಗೇ.

ಆ ಮನೆಗೆ ನೆಲಮಾಳಿಗೆ ಯಾಕಿದೆ, ಈ ಮನೆಗೆ ಯಾಕಿಲ್ಲ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮ್ಯಾಸಿಡೋನಿಯದವರು ಬಂದ ವರ್ಷ ಇಲ್ಲಿ ಚಟ್ನಿ ಕಾರ್ಖಾನೆ ಬಾಗಿಲು ತೆರೆದುಕೊಂಡು ಆಳು ಬೇಕು ಆಳು ಬೇಕು ಎಂದು ಕೂಗುತ್ತಿತ್ತು. ಕೆಲಸಕ್ಕೆ ಸೇರಿದವರಿಗೆ ನೆಲಮಾಳಿಗೆಯಿರುವ ಮನೆ ಪುಕ್ಕಟೆ. ಇಥಿಯೋಪಿಯದವರು ಬರುವ ಹೊತ್ತಿಗೆ ಕಾರ್ಖಾನೆಯಲ್ಲಿ ಉಳಿದದ್ದು ನಾಲ್ಕು ಯಂತ್ರ ಮತ್ತು ಅವನ್ನು ಒರೆಸುವ ಒಬ್ಬ ಮನುಷ್ಯ. ಅವನೂ ಆ ವರ್ಷವೇ ನಿವೃತ್ತನಾದ. ಡಿಪೋದಲ್ಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನನ್ನೂ ಒಂಬತ್ತನೆಯ ಸ್ಟಾಪಿನಲ್ಲಿ ಫುಟ್‌ಬೋರ್ಡ್ ಹತ್ತಿ ಜೋತುಬಿದ್ದವನನ್ನೂ ಪಕ್ಕಪಕ್ಕ ನಿಲ್ಲಿಸಿ, ಇವನಿಗೆ ಕೂತುಕೊಳ್ಳುವ ಸಂಸ್ಕಾರವಿದೆ, ಅವನಿಗಿಲ್ಲ ಎಂದು ವರದಿ ಬರೆಯುವವರನ್ನು ನೀವು ಏನೆಂದು ಕರೆಯುತ್ತಿದ್ದಿರೋ ಗೊತ್ತಿಲ್ಲ. ನಾವು ತುಲನಾ ಖಾತೆ ಎಂದು ಕರೆಯುತ್ತೇವೆ.

ತುಲನಾ ಖಾತೆಯ ಕೆಲಸ ಬಂದವರನ್ನು ಹೋಲಿಸುವುದು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಹಲ್ಲು ಬಿದ್ದರೂ ಅವರು ಬಂದವರೇ. ಪ್ರತಿ ಗುಂಪಿಗೂ ನೂರಕ್ಕೆ ಇಷ್ಟು ಎಂದು ಏಳಿಗೆ ಅಂಕ. ನಲವತ್ತಕ್ಕಿಂತ ಕೆಳಗಿಳಿದ ಗುಂಪನ್ನು ಸುಧಾರಿಸಲೆಂದು ನೆರಳುಓಣಿಯಿಂದ ಎಬ್ಬಿಸಿ ಬಯಲಿಗೆ ಸಾಗಿಸುತ್ತಾರೆ. ಬಿಸಿಲಿನಲ್ಲಿಟ್ಟರೆ ಮನುಷ್ಯ ಹೇಗೆ ಸುಧಾರಿಸುತ್ತಾನೆ ಎಂದು ನಾನು ಕೇಳಿದ್ದೆ. ಮೆಣಸಿನಕಾಯಿ ಸುಧಾರಿಸುವುದಿಲ್ಲವೇ ಎಂದು ಲಿಖಿತ ಉತ್ತರ ಬಂತು.

ಈ ಸಲದ ವರದಿಯಲ್ಲಿ ಎರಡು ಕಾಲಂ. ಒಂದರ ತಲೆಯ ಮೇಲೆ ಮ್ಯಾಸಿಡೋನಿಯ ಎಂದಿತ್ತು, ಅಂದರೆ ನಮ್ಮ ಎರಡು ದೊಡ್ಡ ಜಿಲ್ಲೆ ಸೇರಿಸಿದಷ್ಟು ನೆಲ. ಇನ್ನೊಂದರ ತಲೆಯ ಮೇಲೆ ಆಫ್ರಿಕಾ ಎಂದಿತ್ತು, ಅಂದರೆ ಒಂದು ಇಡೀ ಖಂಡ. ಜಾಗ ಉಳಿತಾಯವಾಗಲೆಂದು ಹೀಗೆ ಮಾಡಿದರಂತೆ. ನಮ್ಮ ಸಿದ್ದಿ ಮೇಷ್ಟ್ರು ಜುಜೆಯವರನ್ನೂ ಅದೇ ಕಾಲಮಿಗೆ ತುಂಬಿದರು. ಅವರ ಪೂರ್ವಿಕರು ಯಲ್ಲಾಪುರದ ಕಾಡಿನಲ್ಲಿ ಕನ್ನಡ ಮಾತಾಡುತ್ತಿದ್ದಾಗ ಈ ಖಾತೆಯ ಪೂರ್ವಿಕರು ಎಲ್ಲಿದ್ದರೆಂದು ಯಾರಿಗೂ ಗೊತ್ತಿಲ್ಲ. ಗಣತಿಗೆ ಬಂದ ಅಧಿಕಾರಿ ಹಾದಿಮನಿ, ತನಗೆ ಅಕ್ಷರ ಕಲಿಸಿದ ಅದೇ ಮೇಷ್ಟ್ರ ಮುಂದೆ ಪೆನ್ನು ಹಿಡಿದು ಕೂತು, "ಸರ್, ನೀವು ಇಲ್ಲಿಗೆ ಯಾವಾಗ ಬಂದ್ರಿ?" ಎಂದು ಕೇಳಿದ.

"ನೀ ಒಂದನೇತ್ತ ನಾಪಾಸ್ ಆದೆಲ್ಲಪಾ, ಅದಕ್ಕಿಂತ ಒಂದ್ ನಾಕ್ನೂರ್ ವರ್ಷ ಮೊದ್ಲ," ಎಂದರು ಮೇಷ್ಟ್ರು.

ಹಾದಿಮನಿ ಕೆಟ್ಟ ಮನುಷ್ಯನಲ್ಲ. ಅವನು ಜೆನ್ನವ್ವನ ಮನೆಗೆ ಬಂದಾಗ ಊಟದ ಹೊತ್ತು, ನಾನೂ ಅಲ್ಲಿದ್ದೆ. ಹುಲ್ಲಿನಿಂದ ಹೆಣೆದ ಎತ್ತರದ ಬುಟ್ಟಿಮೇಜಿನ ಮೇಲೆ ಒಂದೂವರೆ ಮೊಳ ಅಗಲದ ಗಂಗಾಳ. ಅದರ ತುಂಬ ನವಣೆ ಹಿಟ್ಟನ್ನು ಹುಳಿ ಬರಿಸಿ ಹುಯ್ದ ಇಂಜೆರಾ, ಅಂದರೆ ನಮ್ಮ ದೋಸೆಯ ದೊಡ್ಡಣ್ಣ. ಅದರ ಮೇಲೆ ನಾಲ್ಕು ಬಗೆಯ ಪಲ್ಯ. ಸುತ್ತ ಒಂಬತ್ತು ಜನ, ಒಂದೇ ಗಂಗಾಳದಿಂದ ಮುರಿದುಕೊಂಡು ಉಣ್ಣುವುದು ಅವರ ಪದ್ಧತಿ. ಬಂದವನ ಬಾಯಿಗೆ ಮನೆಯವರೇ ಕೈತುತ್ತು ಇಡುವುದು ಇನ್ನೊಂದು ಪದ್ಧತಿ. ಹಾದಿಮನಿ ಮೂರು ಕೈತುತ್ತು ತಿಂದು, ನಾಲ್ಕನೆಯದಕ್ಕೆ ತಾನೇ ಬಾಯಿ ತೆರೆದು, ಕೈ ತೊಳೆದು, ನಮೂನೆಯ ಏಳನೆಯ ಪ್ರಶ್ನೆಗೆ ಬಂದ.

"ಜೆನ್ನವ್ವ, ಮನ್ಯಾಗ ಊಟದ ಗಂಗಾಳ ಎಷ್ಟ ಅದಾವು?"

"ಒಂದ ಐತ್ರಿ. ಯಾಕ್ರೀ, ಸಾಲಲಿಲ್ಲೇನು ನಿಮಗ?"

"ನನಗ ಸಾಕಾತು. ಒಂದ ಅಂತ ಬರಕೊಳ್ಳಲ್ಯಾ?"

"ಬರಕೋರಿ. ದೊಡ್ಡದು ಐತಿ ಅಂತನೂ ಬರಕೋರಿ."

"ದೊಡ್ಡದು ಸಣ್ಣದು ಬರಿಯಾಕ ಜಾಗ ಇಲ್ಲವ್ವಾ," ಎಂದು ಅವನು ನಿಜವಾದ ಬೇಸರದಿಂದಲೇ ಹೇಳಿ, ತಟ್ಟೆ ಒಂದೇ, ಕಡು ಬಡತನ ಎಂದು ಬರೆದುಕೊಂಡ. ಮೀಸೆಗೆ ಇನ್ನೂ ಪಲ್ಯ ಮೆತ್ತಿತ್ತು.

ಅಲ್ಲಿಂದ ವೆಲಿಕಕ್ಕನ ಮನೆಗೆ ಹೋಗಿ ನೆಲಮಾಳಿಗೆಯಲ್ಲಿ ಇನ್ನೂರ ಹನ್ನೆರಡು ಭರಣಿ ಎಣಿಸಿ, ದೂರದೃಷ್ಟಿ, ಉಳಿತಾಯದ ಗುಣ ಎಂದು ಬರೆಯತೊಡಗಿದ. ಅರ್ಧ ಜೆನ್ನವ್ವಂದು ಎಂದಳು ವೆಲಿಕಕ್ಕ. ಯಾರ ಮನೆಯಲ್ಲಿವೆಯೋ ಅವರದೇ ಲೆಕ್ಕ ಎಂದ ಹಾದಿಮನಿ.

"ಹಂಗಾರ ನಿಮ್ಮ ಸ್ಕೂಟರ್ ನಮ್ಮ ಅಂಗಳದಾಗ ಐತಿ. ಅದನ್ನೂ ನಂದ ಅಂತ ಬರಕೋರಿ," ಎಂದಳು ವೆಲಿಕಕ್ಕ.

ಫಲಿತಾಂಶ ಬಂತು. ಮ್ಯಾಸಿಡೋನಿಯಕ್ಕೆ ಎಪ್ಪತ್ತೊಂದು, ಆಫ್ರಿಕಾಕ್ಕೆ ಮೂವತ್ತೆಂಟು. ಒಂದು ಜನಾಂಗ ರಕ್ತದಿಂದಲೇ ದುಡಿಮೆಗಾರ, ಇನ್ನೊಂದು ಸ್ವಭಾವದಿಂದಲೇ ಸೋಮಾರಿ ಎಂದು ಕೆಳಗೊಂದು ಟಿಪ್ಪಣಿ. ಜೆನ್ನವ್ವನ ಮನೆಯೂ ಸೇರಿ ನಲವತ್ತೊಂದು ಮನೆಗಳು ಬಯಲಿಗೆ ಹೋಗಬೇಕೆಂದು ನೋಟಿಸು. ಜೆನ್ನವ್ವನ ಅವ್ವನಿಗೆ ಎಂಬತ್ತನಾಲ್ಕು. ಚಪ್ಪರದಾಚೆ ಕಾಲಿಡಬಾರದು, ಇಟ್ಟರೆ ಇನ್ನೊಂದು ಬೇಸಿಗೆ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನೋಟಿಸಿನಲ್ಲಿ ಅವ್ವನಿಗೂ ಜಾಗವಿಲ್ಲ. ಮನೆಗಳಿಗೆ ಮಾತ್ರ ನಂಬರಿದೆ.

ಮರುತನಿಖೆಗೆ ಅರ್ಜಿ ಹಾಕಿದೆವು. ತನಿಖೆಯ ಬೆಳಿಗ್ಗೆ ಗೋಡೆಯ ಈಚೆಯ ಮ್ಯಾಸಿಡೋನಿಯದವರೆಲ್ಲ ಮೆಣಸಿನ ಬುಟ್ಟಿಗಳಲ್ಲಿ ತಮ್ಮ ತಟ್ಟೆಗಳನ್ನು ಹೊತ್ತು ಆಚೆ ಹೋದರು. ನಲವತ್ತೊಂದು ಮನೆಗಳಲ್ಲೂ ಸ್ಟೀಲು ಮಿರಮಿರ ಹೊಳೆಯಿತು. ಹಾದಿಮನಿ ಜೆನ್ನವ್ವನ ಮನೆಯಲ್ಲಿ ಹದಿನೆಂಟು ಗಂಗಾಳ ಎಣಿಸಿ, ಮುಖವರಳಿಸಿ, ಸುಮ್ಮನೆ ಒಂದನ್ನು ತಿರುವಿ ನೋಡಿದ. ಇಲ್ಲಿ ನಮ್ಮೆಲ್ಲರ ಬುದ್ಧಿ ಕೈಕೊಟ್ಟಿತ್ತು. ಮ್ಯಾಸಿಡೋನಿಯದವರು ನಮ್ಮಿಂದ ಕಲಿತ ಮೊದಲ ಚಟವೆಂದರೆ ಪಾತ್ರೆಗಳಿಗೆ ಹೆಸರು ಕೊರೆಸುವುದು. ತಟ್ಟೆಯ ಬೆನ್ನಿನ ಮೇಲೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ 'ತ್ರಾಯ್ಚೆ-ವೆಲಿಕಾ ಮದುವೆಯ ನೆನಪಿಗಾಗಿ' ಎಂದಿತ್ತು.

"ಜೆನ್ನವ್ವ, ತ್ರಾಯ್ಚೆ ಅಂದ್ರ ಯಾರು?"

"ಬಾಜೂ ಮನಿ ಮಾಮಾರು."

"ಅವರ ಮದುವಿ ಗಂಗಾಳ ನಿಮ್ಮನ್ಯಾಗ ಯಾಕ ಅದಾವು?"

ಗೋಡೆಯ ಮೇಲಿಂದ ವೆಲಿಕಕ್ಕ ಕತ್ತು ಚಾಚಿ, "ಆಯೇರಿ ಕೊಟ್ಟೀವ್ರೀ," ಎಂದಳು.

"ಅಕ್ಕಾ, ನಿಮ್ಮ ಮದುವಿ ಆಯೇರಿನ ನೀವ ಮಂದಿಗೆ ಕೊಟ್ಟಿರೇನು?"

"ನಮ್ಮ ಮದುವಿ ಭಾಳ ದೊಡ್ಡದಿತ್ರೀ."

ಹಾದಿಮನಿಗೂ ನಗು ಬಂತು, ಆದರೆ ನಮೂನೆಯಲ್ಲಿ ನಗುವಿಗೆ ಕಾಲಂ ಇರಲಿಲ್ಲ. ಮರುತನಿಖೆಯ ತೀರ್ಪು ಕೇಳಿ. ಪಾತ್ರೆ ಕೊಟ್ಟ ಮ್ಯಾಸಿಡೋನಿಯದವರಿಗೆ ಉದಾರ ಸ್ವಭಾವಕ್ಕಾಗಿ ಐದು ಅಂಕ ಹೆಚ್ಚು. ಪಾತ್ರೆ ಇಟ್ಟುಕೊಂಡ ಆಫ್ರಿಕಾದವರಿಗೆ ಪರರ ವಸ್ತುವಿನ ಆಸೆಗಾಗಿ ಐದು ಅಂಕ ಕಡಿಮೆ. ಮಾಡಿದ್ದು ಇಬ್ಬರೂ ಸೇರಿ, ಒಂದೇ ಬೆಳಿಗ್ಗೆ, ಒಂದೇ ಬುಟ್ಟಿಯಲ್ಲಿ. ಆ ಐದು ಅಂಕ ನನಗೆ ಬೇಡ, ಗೋಡೆಯಾಚೆ ಕೊಡಿ ಎಂದು ವೆಲಿಕಕ್ಕ ಅರ್ಜಿ ಬರೆದಳು. ಅಂಕಗಳನ್ನು ವರ್ಗಾಯಿಸಲು ಬರುವುದಿಲ್ಲ ಎಂದು ಉತ್ತರ ಬಂತು. ಅಂಕಗಳಿಗೆ ಇರುವ ಭದ್ರತೆ ಮನೆಗಳಿಗಿಲ್ಲ.

ನಾನು ಹಾದಿಮನಿಯನ್ನು ದಾರಿಯಲ್ಲಿ ತಡೆದು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ, "ನಾ ಏನ್ ಮಾಡ್ಲೋ ಮಾರಾಯಾ, ಪ್ರಶ್ನಾ ನಂದಲ್ಲ," ಎಂದ. ಹಾಗಾದರೆ ಯಾರದು ಎಂದು ಹುಡುಕಿಕೊಂಡು ಹೊರಟೆ. ಹಳೆಯ ಕಡತಗಳ ಕೋಣೆಯಲ್ಲಿ ಮೂರು ವಾರ ದೂಳು ಕುಡಿದ ಮೇಲೆ ಸಿಕ್ಕಿತು. ನಮೂನೆ ಎಷ್ಟೋ ಸಲ ಬದಲಾಗಿದೆ, ಏಳನೆಯ ಪ್ರಶ್ನೆ ಮಾತ್ರ ಬದಲಾಗಿಲ್ಲ. ಅದು ಹುಟ್ಟಿದ್ದು, ಮಾನ್ಯರೇ, ನಿಮ್ಮ ಕಾಲದಲ್ಲಿ. ಯಾರನ್ನು ಯಾರೊಂದಿಗೆ ಹೋಲಿಸಲೆಂದೋ ಆರು ಜನರ ಒಂದು ಸಮಿತಿ ಕೂತಿತ್ತು. ಪ್ರತಿ ಪ್ರಶ್ನೆಯ ಎದುರೂ ಅರ್ಧ ಪುಟ ಚರ್ಚೆ ಬರೆದಿದ್ದಾರೆ. ಏಳನೆಯದರ ಎದುರು ಒಂದೇ ಸಾಲು: "ಊಟದ ಸಮಯವಾದ್ದರಿಂದ ಚರ್ಚೆಯಿಲ್ಲದೆ ಅಂಗೀಕರಿಸಲಾಯಿತು."

ಆ ಆರು ಜನ ಅಂದು ಎದ್ದುಹೋಗಿ ಆರು ತಟ್ಟೆಗಳಲ್ಲಿ ಉಂಡಿರಬೇಕು. ಒಬ್ಬರ ತುತ್ತು ಇನ್ನೊಬ್ಬರ ಬಾಯಿಗೆ ಹೋಗಿರಲಾರದು.

ನನ್ನ ಬೇಡಿಕೆ ದೊಡ್ಡದಲ್ಲ. ಹೋಲಿಸುವ ಚಟ ಬಿಡಿ ಎಂದು ಕೇಳುತ್ತಿಲ್ಲ. ಅದು ಬಿಡುವ ಚಟವಲ್ಲ, ನಮಗೂ ಅಂಟಿದೆ. ಆ ಸಮಿತಿ ನಿಮ್ಮ ನಡುವೆ ಎಲ್ಲಿಯೋ ಈ ವಾರವೇ ಕೂತಿರಬಹುದು, ನೀವೇ ಅದರ ಸದಸ್ಯರೂ ಆಗಿರಬಹುದು. ಏಳನೆಯ ಪ್ರಶ್ನೆ ಬಂದಾಗ ಗಡಿಯಾರ ನೋಡಬೇಡಿ. ತಟ್ಟೆ ಎಷ್ಟಿವೆ ಎಂದು ಬರೆದಿರುವುದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಅದರಲ್ಲಿ ಎಷ್ಟು ಜನ ಉಂಡರು? ಇಷ್ಟಿದ್ದರೆ ಹಾದಿಮನಿ ಒಂಬತ್ತು ಎಂದು ಬರೆಯಬೇಕಾಗುತ್ತಿತ್ತು, ತನ್ನನ್ನೂ ಸೇರಿಸಿ ಹತ್ತು ಎಂದು. ಮೂವತ್ತೆಂಟು ನಲವತ್ತನ್ನು ದಾಟಲು ಅಷ್ಟು ಸಾಕಿತ್ತು.

ನಾಳೆ ಮಾರ್ಚ್ ಒಂದು. ಬೆಳಿಗ್ಗೆ ಏಳಕ್ಕೆ ಸಾಗಣೆಯ ಗಾಡಿ ಬರುತ್ತದೆ. ಜೆನ್ನವ್ವ ಎಲ್ಲವನ್ನೂ ಕಟ್ಟಿಟ್ಟಿದ್ದಾಳೆ, ಗಂಗಾಳವೊಂದನ್ನು ಬಿಟ್ಟು. ಅದು ಯಾವ ಪೆಟ್ಟಿಗೆಯಲ್ಲೂ ಹಿಡಿಯುತ್ತಿಲ್ಲ. ಅವ್ವ ಅದರ ಮುಂದೆ ಕೂತು, ಬಂದವರಿಗೆಲ್ಲ ಉಂಡು ಹೋಗಿ ಎನ್ನುತ್ತಿದ್ದಾಳೆ. ವೆಲಿಕಕ್ಕ ಇನ್ನೂರ ಹನ್ನೆರಡು ಭರಣಿಗಳಲ್ಲಿ ನೂರ ಆರನ್ನು ಹೊರಗೆ ತಂದಿಟ್ಟಿದ್ದಾಳೆ.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನೀವು ಆ ಸಾಲು ಸೇರಿಸಿದ್ದರೆ ನಾಳೆ ಏಳಕ್ಕೆ ಓಣಿ ಖಾಲಿಯಿರುತ್ತದೆ, ನಾವು ಕಟ್ಟಿದ್ದನ್ನೆಲ್ಲ ಬಿಚ್ಚುತ್ತೇವೆ. ಬಾಗಿಲು ತೆರೆದಾಗ ಗಾಡಿ ನಿಂತಿದ್ದರೆ, ನೀವು ಊಟಕ್ಕೆ ಎದ್ದುಹೋದಿರಿ ಎಂದು ತಿಳಿದುಕೊಳ್ಳುತ್ತೇನೆ.

ಇನ್ನೂ ಹುಟ್ಟದ ತಮ್ಮವನು,
ಗುರುಪಾದ ಕಮ್ಮಾರ